ಅಕ್ಕನ ಕಂಪ್ಯೂಟರಿನ ಎರಡನೇ ಫ್ಯಾನು

ನನ್ನ ಅಕ್ಕ ಔರಾದಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ನಲವತ್ತು ತುಂಬುವುದರೊಳಗೆ ಅವಳ ಎರಡೂ ಕಣ್ಣು ಹೋದವು. ಆಮೇಲೆ ಕೆಲವು ವರ್ಷ ಅವಳು ಏನಾದರೂ ಓದಬೇಕೆಂದರೆ ಇನ್ನೊಬ್ಬರು ಓದಿ ಹೇಳಬೇಕಿತ್ತು. ಓದುವವರು ಬೇಸರ ಬಂದ ಕಡೆ ಎರಡು ಸಾಲು ಹಾರಿಸಿಬಿಡುತ್ತಿದ್ದರು. ಅದು ಅವಳಿಗೆ ಗೊತ್ತಾಗುತ್ತಿತ್ತು, ಆದರೆ ಉಪಕಾರ ಮಾಡುವವರ ಜೊತೆ ಜಗಳ ಕಾಯುವುದು ಹೇಗೆ?

ನಾನು ಭಾಲ್ಕಿಯವನು. ದಿನಾ ಬೀದರಿಗೆ ಹೋಗಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತೇನೆ. ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಪರದೆಯ ಮೇಲಿದ್ದುದನ್ನೆಲ್ಲ ಗಟ್ಟಿಯಾಗಿ ಓದುವ ಪ್ರೋಗ್ರಾಂ ಕೂರಿಸಿ ಅಕ್ಕನಿಗೆ ಕೊಟ್ಟೆ. ಅದರ ದನಿ ನೆಗಡಿಯಾದವರ ದನಿಯಂತಿದೆ. ಆದರೆ ಒಂದು ಸಾಲನ್ನೂ ಬಿಡುವುದಿಲ್ಲ. ಅಕ್ಕ ಆ ಯಂತ್ರದ ಮುಂದೆ ಕೂತು ಮತ್ತೆ ಓದತೊಡಗಿದಳು. ಹತ್ತನೇ ಕ್ಲಾಸನ್ನು ಬೇರೆಯವರಿಗೆ ಕೊಡೋಣವೇ ಎಂದು ಶಾಲೆಯಲ್ಲಿ ಮಾತು ಬಂದಾಗ, "ಯಾಕ್ರಿ, ನನಗ ಓದ್ಲಿಕ್ಕಿ ಬರ್ತದಲ್ಲರಿ" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದಳು.

ಯಂತ್ರದ ಆರೋಗ್ಯ ಕೇಳಿ ತಿಳಿಯುವುದನ್ನೂ ಅವಳೇ ನನ್ನಿಂದ ಕಲಿತಳು. ಮದರ್‌ಬೋರ್ಡಿನ ಮೂಲೆಯಲ್ಲಿ ಉಗುರಿನಷ್ಟು ಅಗಲದ ಒಂದು ಚಿಪ್ಪಿದೆ. ಒಳಗೆ ಎಷ್ಟು ಬಿಸಿ, ಯಾವ ತಂತಿಯಲ್ಲಿ ಎಷ್ಟು ವೋಲ್ಟು, ಯಾವ ಫ್ಯಾನು ನಿಮಿಷಕ್ಕೆ ಎಷ್ಟು ಸುತ್ತು ಎಂದು ಅದು ಹಗಲೂ ರಾತ್ರಿ ಅಳೆಯುತ್ತಲೇ ಇರುತ್ತದೆ. ಕೇಳಿದರೆ ಹೇಳುತ್ತದೆ, ಕೇಳದಿದ್ದರೂ ಅಳೆಯುತ್ತದೆ. ಎಷ್ಟೋ ವರ್ಷ ಇದೇ ಕೆಲಸ ಮಾಡಿಯೂ ನಾನು ಆ ಚಿಪ್ಪಿಗೆ ಬೆಲೆ ಕೊಟ್ಟವನಲ್ಲ.

ಹೋದ ದೀಪಾವಳಿಗೆ ಔರಾದಿಗೆ ಹೋದಾಗ ಅಕ್ಕ ಒಂದು ದೂರು ಹೇಳಿದಳು.

"ತಮ್ಮಾ, ದಿನಾ ಮುಂಜಾನಿ ಇದು ಫ್ಯಾನ್ ಟು ಝೀರೋ, ಅಲಾರಂ ಅಂತದ. ಏನಾಗ್ಯಾದ ನೋಡು."

ಇಂಥ ಸೊನ್ನೆಗಳನ್ನು ನಾನು ಲ್ಯಾಬಿನಲ್ಲಿ ಬೇಕಾದಷ್ಟು ನೋಡಿದ್ದೆ. ತಂತಿಯೇ ಇಲ್ಲದ ಜಾಗವನ್ನೂ ಚಿಪ್ಪು ಅಳೆದು ಏನೋ ಒಂದು ಅಂಕಿ ಹೇಳುತ್ತದೆ. ಇದೂ ಹಾಗೇ ಎಂದುಕೊಂಡೆ. ಭಾಲ್ಕಿಯ ಬಸ್ಸಿಗೆ ಹೊತ್ತಾಗಿತ್ತು, ಕಂಪ್ಯೂಟರಿನ ಡಬ್ಬಿ ಬಿಚ್ಚಲು ಬೇಸರ. ಚಿಪ್ಪಿನ ಅಳತೆಗಳಲ್ಲಿ ಯಾವುದನ್ನು ಹೇಗೆ ಓದಬೇಕೆಂದು ಬರೆದಿಡುವ ಸೆನ್ಸರುಗಳ ಫೈಲು ತೆರೆದು, ಎರಡನೇ ಫ್ಯಾನನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಒಂದು ಸಾಲು ಬರೆದೆ. ಅಲಾರಂ ನಿಂತಿತು. "ಅಲ್ಲಿ ಫ್ಯಾನೇ ಇಲ್ಲಕ್ಕಾ" ಎಂದು ಹೇಳಿ ಬಸ್ಸು ಹಿಡಿದೆ.

ಮೇ ತಿಂಗಳಲ್ಲಿ ಫೋನು ಬಂತು. ಹೊಸ ವರ್ಷದ ಪಾಠ ತಯಾರು ಮಾಡುತ್ತಾ ಕೂತರೆ ಅರ್ಧ ತಾಸಿಗೊಮ್ಮೆ ಕಂಪ್ಯೂಟರು ತಾನೇ ಆರಿಹೋಗುತ್ತಿದೆಯಂತೆ.

"ಶಾಲಿ ಚಾಲೂ ಆಗ್ಲಿಕ್ಕಿ ಇನ್ನ ಹದಿನೈದ್ ದಿನಾ ಅದ. ಪಾಠ ತಯಾರ ಇಲ್ಲಂದ್ರ ಕ್ಲಾಸ್ ಕಸ್ಕೋತಾರ. ಮತ್ತ ನಾ ಮಂದಿ ಬಾಯಿ ನೋಡ್ಕೋತ ಕುಂದ್ರಂಗಿಲ್ಲ" ಅಂದಳು. ಸಿಟ್ಟಿನ ಮಾತೇ, ಆದರೆ ಅದರೊಳಗಿನ ಹೆದರಿಕೆ ನನಗೆ ಕೇಳಿಸಿತು. ಮರುದಿನವೇ ಚೀಲದಲ್ಲಿ ವೋಲ್ಟು ಅಳೆಯುವ ಮಲ್ಟಿಮೀಟರು ಹಾಕಿಕೊಂಡು ಹೊರಟೆ.

ಕರೆಂಟು ಕೊಡುವ ಪೆಟ್ಟಿಗೆಯೇ ಕೆಟ್ಟಿರಬೇಕೆಂದು ದಾರಿಯಲ್ಲೇ ತೀರ್ಮಾನ ಮಾಡಿದ್ದೆ. ಅಕ್ಕನಿಗೂ ಅದೇ ಗುಮಾನಿ.

"ಹನ್ನೆರಡ್ ವೋಲ್ಟ್ ಇರಬೇಕಾದಲ್ಲಿ ಇದು ಬರೇ ಒಂದು ಅಂತದಲ್ಲ, ಹ್ಯಾಂಗ ನಂಬಲಿ?"

ಕಂಪ್ಯೂಟರನ್ನು ನೆಲದ ಮೇಲೆ ಅಡ್ಡ ಮಲಗಿಸಿ ಮೇಲಿನ ತಗಡು ತೆಗೆದೆ. ಚಿಪ್ಪು ಬಲು ಸಣ್ಣದು, ಹನ್ನೆರಡು ವೋಲ್ಟನ್ನು ನೇರವಾಗಿ ತಾಳಲಾರದು ಎಂದು ಅವಳಿಗೆ ವಿವರಿಸಿದೆ. ಅದಕ್ಕೇ ಬೋರ್ಡು ಮಾಡಿದವರು ದಾರಿಯಲ್ಲೇ ವೋಲ್ಟನ್ನು ಪಾಲು ಮಾಡಿ ಚಿಪ್ಪಿಗೆ ಒಂದು ಸಣ್ಣ ಪಾಲು ಮಾತ್ರ ಮುಟ್ಟಿಸುತ್ತಾರೆ. ಲಿನಕ್ಸು ಆ ಪಾಲನ್ನಷ್ಟೇ ಹೇಳುತ್ತದೆ. ಎಷ್ಟರಿಂದ ಗುಣಿಸಬೇಕೆಂಬುದನ್ನು ನಾವು ಮೀಟರು ಹಿಡಿದು ಕಂಡುಹಿಡಿದು ಫೈಲಿನಲ್ಲಿ ಬರೆಯಬೇಕು.

"ಹಂಗಾರ ನೀ ಅಳಿ, ನಾ ಗುಣಸ್ತೇನಿ" ಎಂದಳು.

ಕಂಪ್ಯೂಟರು ಚಾಲೂ ಮಾಡಿ, ಮೀಟರಿನ ಕರಿ ಕಡ್ಡಿಯನ್ನು ಕರಿ ತಂತಿಗೆ, ಕೆಂಪು ಕಡ್ಡಿಯನ್ನು ಹನ್ನೆರಡು ವೋಲ್ಟಿನ ಹಳದಿ ತಂತಿಗೆ ಹಿಡಿದೆ. ಯಂತ್ರ ತನ್ನ ನೆಗಡಿ ದನಿಯಲ್ಲಿ ಒನ್ ಪಾಯಿಂಟ್ ಝೀರೋ ಒನ್ ಎಂದಿತು. ಅಕ್ಕ ಮುಖ ಮೇಲೆತ್ತಿ, "ಹನ್ನೆರಡರಿಂದ ಗುಣಿಸಿದ್ರ ಹನ್ನೆರಡು ಪಾಯಿಂಟ್ ಒಂದು ಎರಡು. ನಿನ್ನ ಮೀಟರ್ ಏನಂತದ?" ಎಂದಳು. ಮೀಟರಿನಲ್ಲಿ ಹನ್ನೆರಡು ಪಾಯಿಂಟ್ ಒಂದು ಎರಡೇ ಇತ್ತು. ಐದು ವೋಲ್ಟಿನ ಕೆಂಪು ತಂತಿಗೆ ಹಿಡಿದೆ. ಅದಕ್ಕೆ ಐದರಿಂದ ಗುಣಿಸಿದರೆ ಸರಿಹೋಯಿತು. ನನ್ನ ಮೈ ಜುಮ್ಮೆಂದಿತು. ಯಾರೋ ಎಲ್ಲೋ ಕೂತು ಮಾಡಿದ ಉಗುರಗಲದ ಚಿಪ್ಪು, ಔರಾದಿನ ಈ ಧೂಳಿನಲ್ಲಿ, ಈ ಬಿಸಿಲಿನಲ್ಲಿ, ದಶಮಾಂಶದ ಎರಡನೇ ಅಂಕಿಯವರೆಗೆ ನಿಜ ಹೇಳುತ್ತಿದೆ! ಅದು ಒಂದು ಎಂದಾಗ ಸುಳ್ಳು ಹೇಳಿರಲಿಲ್ಲ, ತನ್ನ ಕೈಗೆ ಬಂದಷ್ಟನ್ನು ಹೇಳಿತ್ತು. ನಾನು ಬಾಯಿ ತೆರೆದುಕೊಂಡು ಕೂತಿದ್ದೆ.

ಗುಣಿಸುವ ಲೆಕ್ಕಗಳನ್ನು ಫೈಲಿನಲ್ಲಿ ಬರೆದೆ. ಕರೆಂಟಿನ ಪೆಟ್ಟಿಗೆ ಗಟ್ಟಿಮುಟ್ಟಾಗಿತ್ತು. ಹಾಗಾದರೆ ಆರುವುದೇಕೆ? ನನಗೆ ಬಗೆಹರಿಯಲಿಲ್ಲ.

ಅಕ್ಕ ಕೀಬೋರ್ಡು ಎಳೆದುಕೊಂಡಳು. ತನ್ನ ಯಂತ್ರದಲ್ಲಿ ಯಾರು ಏನು ಬರೆದರೂ ಮೊದಲಿನಿಂದ ಒಮ್ಮೆ ಕೇಳಿಸಿಕೊಳ್ಳುವುದು ಅವಳ ರೂಢಿ. ಒಂದೊಂದೇ ಸಾಲು ಕೆಳಗಿಳಿದಳು. ಯಂತ್ರ ಓದುತ್ತಾ ಹೋಯಿತು. ನಡುವೆ ಒಂದು ಕಡೆ, ಯಾವ ಹಂಗೂ ಇಲ್ಲದೆ, "ಇಗ್ನೋರ್ ಫ್ಯಾನ್ ಟು" ಎಂದಿತು.

ಅಕ್ಕನ ಬೆರಳು ನಿಂತಿತು. ಅದೇ ಸಾಲನ್ನು ಇನ್ನೊಮ್ಮೆ ಓದಿಸಿದಳು.

"ಇದು ಯಾರ್ ಬರದಾರ?"

"ನಾನೇ, ದೀಪಾವಳಿಗಿ. ಅಲ್ಲಿ ಫ್ಯಾನ್ ಇಲ್ಲ ಅಂತ ಹೇಳಿದ್ನಲ್ಲ."

"ತೆರದು ನೋಡಿದ್ದೇನು?"

ಅವಳು ಕಂಪ್ಯೂಟರು ಆರಿಸಿ, ನನ್ನ ಕೈಲಿ ಪ್ಲಗ್ಗು ಕೀಳಿಸಿ, ನೆಲಕ್ಕೆ ಕೂತು ಡಬ್ಬಿಯೊಳಗೆ ಕೈ ಹಾಕಿದಳು. ಡಬ್ಬಿ ತೆರೆದು ಒಂದು ತಾಸಾಗಿತ್ತು. ಹಳದಿ ತಂತಿ, ಕೆಂಪು ತಂತಿ ಎಲ್ಲ ನೋಡಿದ್ದೆ. ಆದರೆ ಎರಡನೇ ಫ್ಯಾನು ಇಲ್ಲವೆಂದು ನಾನೇ ಬರೆದಿದ್ದರಿಂದ ಡಬ್ಬಿಯ ಹಿಂದಿನ ತೂತುಗಳ ಮೂಲೆಗೆ ನನ್ನ ಕಣ್ಣೇ ಹೋಗಿರಲಿಲ್ಲ. ಅಕ್ಕನ ಕೈ ನೇರ ಅಲ್ಲಿಗೇ ಹೋಯಿತು. ಫ್ಯಾನಿತ್ತು. ಅದರ ರೆಕ್ಕೆಗಳ ನಡುವಿನಿಂದ ಅವಳು ಒಣಗಿದ ಒಂದು ಬನ್ನಿ ಕಡ್ಡಿ ಎಳೆದು ತೆಗೆದಳು. ಚಳಿಗಾಲದಲ್ಲಿ ಹೇಗೋ ನಡೆದಿತ್ತು, ಮೇ ಬಿಸಿಲಿಗೆ ಒಳಗಿನ ಬಿಸಿ ಹೊರಹೋಗದೆ ಯಂತ್ರ ತಾನೇ ಆರುತ್ತಿತ್ತು.

ಕಡ್ಡಿಯನ್ನು ಮೂಸಿ, ಬೆರಳಲ್ಲಿ ಸವರಿ, ತಲೆ ತಗ್ಗಿಸಿದಳು.

"ನಂದೇ ತಮ್ಮಾ. ದಸರಾಕ್ಕ ಎಲ್ಲರಿಗೂ ಬನ್ನಿ ಕೊಟ್ಟಂಗ ಇದಕ್ಕೂ ಕೊಟ್ಟಿದ್ದೆ. ಮ್ಯಾಗ ಇಟ್ರ ಬೀಳ್ತದಂತ ತೂತಿನ್ಯಾಗ ಸಿಗಿಸಿದ್ದೆ. ನನ್ನ ಕಣ್ಣ ಇದೇ ಅಲ್ಲೇನು?"

ನನಗೆ ನಗು ಬಂತು. ಅವಳು ಮಾತ್ರ ನಗಲಿಲ್ಲ.

"ನಾ ತಪ್ಪ್ ಮಾಡ್ದೆ, ಖರೆ. ಆದ್ರ ಇದು ನನಗ ದಿನಾ ಹೇಳ್ತಿತ್ತು. ನೀ ಇದರ ಬಾಯಿ ಕಟ್ಟಿದಿ. ಕಾಣ್ಲಾರದವ್ರಿಗಿ ಸಾಲ್ ಹಾರ್ಸಿ ಓದೋರು ಬ್ಯಾರೆ, ನೀ ಬ್ಯಾರೆ ಅಂತ ತಿಳ್ದಿದ್ದೆ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಾಯಿತಕ್ಕಾ ಎಂದೆ. ಆ ಫ್ಯಾನಿನ ವಿಷಯದಲ್ಲಿ ನಾನು ಹೇಳಿದ ಸುಳ್ಳಿಲ್ಲದ ಮಾತು ಅದೊಂದೇ ಇರಬೇಕು.

ಮತ್ತೆ ಚಾಲೂ ಮಾಡಿದೆವು. ಆ ಸಾಲನ್ನು ಅವಳೇ ಅಳಿಸಿದಳು. ಫ್ಯಾನ್ ಟು, ಒಂದು ಸಾವಿರದ ಇನ್ನೂರ ನಲವತ್ತು ಎಂದಿತು ಯಂತ್ರ. ಅಕ್ಕ ತೆರೆದ ಡಬ್ಬಿಯ ಪಕ್ಕ ಅಂಗೈ ಹಿಡಿದು ಗಾಳಿ ಮುಟ್ಟಿ ನೋಡಿದಳು. ಎರಡು ತಾಸು ಕೂತರೂ ಆರಲಿಲ್ಲ. ಅಷ್ಟರಲ್ಲಿ ಅವಳು ಹತ್ತನೇ ಕ್ಲಾಸಿನ ಮೊದಲ ಪಾಠ ಮುಗಿಸಿ ಎರಡನೆಯದಕ್ಕೆ ಹೋಗಿದ್ದಳು.

ನಾನು ಹೊರಡಲು ಎದ್ದಾಗ, "ಒಂದ್ ಕೆಲಸ ಉಳದದ, ನಿಂದ್ರು" ಅಂದಳು. ಆ ಫೈಲು ತಿದ್ದಲು ಬೇಕಾಗುವ ಕಂಪ್ಯೂಟರಿನ ಪಾಸ್‌ವರ್ಡು ಅವತ್ತಿನವರೆಗೆ ನಾನು ಇಟ್ಟಿದ್ದೇ ಇತ್ತು. ಅವಳು ಅದನ್ನು ಬದಲಿಸುವ ಜಾಗ ತೆರೆದಳು. ಅವಳು ಒತ್ತಿದ ಒಂದೊಂದು ಅಕ್ಷರಕ್ಕೂ ಯಂತ್ರ, ಅಕ್ಷರವನ್ನು ಮುಚ್ಚಿಟ್ಟು, ಸ್ಟಾರ್, ಸ್ಟಾರ್ ಎಂದಷ್ಟೇ ಹೇಳಿತು. ನಾನು ಎಷ್ಟು ಸ್ಟಾರ್ ಎಂದು ಎಣಿಸತೊಡಗಿದ್ದೆ. ನಾಚಿಕೆಯಾಗಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ನಿಂತೆ.