ಹೊಳೆಗೆ ಒಯ್ದ ನೀರು

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಸಣ್ಣ ಹಿತ್ತಾಳೆ ತಂಬಿಗೆ ಇದೆ. ಅದರ ಬುಡಕ್ಕೆ ಒಂದು ಕೊಂಡಿ ಬೆಸೆದಿದೆ. ಗೋಕಾಕದ ಪೇಟೆಯಲ್ಲಿ ಅದನ್ನು ಬೆಸೆದುಕೊಟ್ಟವನು, "ಕೊಂಡಿ ಮ್ಯಾಲ ಇರ್ಬೇಕಲ್ರಿ ಸರ್, ಬುಡಕ್ಕ ಹಚ್ಚಿದ್ರ ನೀರ ನಿಲ್ಲತೈತೇನ್ರಿ?" ಎಂದು ನಕ್ಕಿದ್ದನಂತೆ. ನಮ್ಮವರು ಅವನಿಗೆ ಏನೂ ವಿವರಿಸಲಿಲ್ಲ. ತುಂಬಿದ ಸಭೆಯಲ್ಲಿ ಧರ್ಮದ ಬಗ್ಗೆ ಎರಡು ತಾಸು ಮಾತಾಡುತ್ತಿದ್ದವರು ಆ ತಂಬಿಗೆಯ ಬಗ್ಗೆ ಯಾರ ಮುಂದೂ ಬಾಯಿ ಬಿಡುತ್ತಿರಲಿಲ್ಲ.

ಅವರು ಹೋಗಿ ಈಗ ಎಂಟು ತಿಂಗಳಾಗುತ್ತ ಬಂತು. ಪತ್ರಿಕೆಯವರು ಅವರ ಬಗ್ಗೆ ಬರೆದರು, ಊರವರು ಸಭೆ ಮಾಡಿದರು. ಒಬ್ಬರು ಅವರನ್ನು ಶರಣರು ಅಂದರು, ಇನ್ನೊಬ್ಬರು ಕಡೆತನಕ ಜೈನ ಶ್ರಾವಕರೇ ಆಗಿದ್ದರು ಅಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ನನಗೆ ನೆನಪಾಗುತ್ತಿದ್ದುದು ಒಂದೇ: ಅವರ ಹೆತ್ತ ತಾಯಿ ನಮ್ಮ ಮನೆಯ ನೀರು ಕುಡಿಯುವುದನ್ನು ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಅವಳು ಒಂದು ದಿನ ಕುಡಿದಾಳೆಂದು ಇವರು ಕಾದರು. ಆ ದಿನ ಬರುವುದರೊಳಗೆ ಇವರೇ ಹೋದರು.

ಇವರು ಹುಟ್ಟಿದ್ದು ಮೂಡಲಗಿಯ ಒಂದು ಜೈನ ಒಕ್ಕಲುತನದ ಮನೆಯಲ್ಲಿ. ಹುಕ್ಕೇರಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರಾದ ಮೇಲೆ, ಪಾಠ ಮಾಡುವ ಸಲುವಾಗಿ ಓದಿದ ವಚನಗಳು ಇವರನ್ನು ಹಿಡಿದುಕೊಂಡವು. ಕೆಲವು ವರ್ಷ ಓದಿ, ಮಠದ ಸ್ವಾಮಿಗಳಾದ ಅಜ್ಜಾರ ಹತ್ತಿರ ಹೋಗಿ ಲಿಂಗದೀಕ್ಷೆ ತೆಗೆದುಕೊಂಡರು. ಸೋದರಮಾವಂದಿರು ಮಾತು ಬಿಟ್ಟರು. ತಾಯಿ ಬಿಡಲಿಲ್ಲ. ಇವರು ಅವಳನ್ನು ಆಯಿ ಎಂದು ಕರೆಯುತ್ತಿದ್ದರು, ಆಮೇಲೆ ನಾನೂ ಹಾಗೇ ಕರೆದೆ. ಮಗನ ಕೊರಳನ್ನು ನೋಡಿ ಆಯಿ ಅಂದದ್ದು ಇಷ್ಟೇ: "ಕೊಳ್ಳಾಗ ಏನರ ಕಟ್ಟಕೋ. ಹೊತ್ತ ಮುಳಗೂದ್ರಾಗ ಉಣ್ಣು." ಆ ಮಾತನ್ನು ಇವರು ಮೀರಲಿಲ್ಲ. ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಇವರಿಗೆ ತಾಟು ಹಾಕಿದ ನೆನಪು ನನಗಿಲ್ಲ.

ಇವರು ನನ್ನ ಸಲುವಾಗಿ ಧರ್ಮ ಬಿಟ್ಟರೆಂದು ಮೂಡಲಗಿಯ ಹೆಂಗಸರು ಬಹಳ ದಿನ ಅಂದುಕೊಂಡಿದ್ದರು. ನಾನು ಲಿಂಗಾಯತರ ಮಗಳು ನಿಜ, ಆದರೆ ಬಂದದ್ದು ಆಮೇಲೆ. ಮಠದ ಅಜ್ಜಾರೇ ನನ್ನ ತವರು ಘೋಡಗೇರಿಗೆ ಬಂದು ನಮ್ಮಪ್ಪನ ಮುಂದೆ ಈ ಸಂಬಂಧದ ಮಾತು ತೆಗೆದರು. ನಮ್ಮಪ್ಪ ಹೆದರಿದ. "ಹುಟ್ಟಿದ್ದ ಒಂದ ಕಡೆ, ನಂಬಿದ್ದ ಒಂದ ಕಡೆ. ಹುಡುಗ ನಿಲ್ಲತಾನೇನ್ರಿ ಅಜ್ಜಾರ?"

"ನಿಲ್ಲೂದೇನು, ಓದಾಕ ಕುಂತ್ರ ಏಳೂದs ಇಲ್ಲ," ಅಂದರು ಅಜ್ಜಾರು. "ಮಗಳಿಗಿ ಅದೊಂದ ತ್ರಾಸ ಆಗ್ತೈತಿ, ಈಗs ಹೇಳೇನಿ."

ಮದುವೆಯಾಗಿ ಮೊದಲ ಸಲ ಮೂಡಲಗಿಗೆ ಹೋದಾಗ ಆಯಿ ನನ್ನನ್ನು ಹಿತ್ತಿಲ ಬಾವಿಗೆ ಕರೆದುಕೊಂಡು ಹೋದಳು. ನೀರು ಸೇದಿ, ಕೊಡದ ಬಾಯಿಗೆ ಎರಡು ಪದರು ಮಾಡಿದ ದಪ್ಪನೆಯ ಬಿಳಿ ಅರಿವೆ ಹಾಸಿ, ನಿಧಾನ ಸೋಸಿದಳು. ಅಷ್ಟನ್ನು ನಾನು ಬೇರೆ ಜೈನರ ಮನೆಗಳಲ್ಲೂ ನೋಡಿದ್ದೆ. ಅದರ ಮುಂದಿನದು ಹೊಸದು. ಅರಿವೆಯನ್ನು ಹಿಂಡದೆ, ಮಗುಚಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಹನಿಸಿ ಒಂದು ತಂಬಿಗೆಯಲ್ಲಿ ಹಿಡಿದಳು. ಆ ತಂಬಿಗೆಯ ಬುಡಕ್ಕೆ ಕೊಂಡಿ ಇತ್ತು. ಕೊಂಡಿಗೆ ಹಗ್ಗ ಕಟ್ಟಿ, ತಂಬಿಗೆ ನೆಟ್ಟಗೆ ಇಳಿಯಲೆಂದು ಆ ಹಗ್ಗವನ್ನು ಬಾಯಿಯ ಹತ್ತಿರ ಒಂದು ಕಡ್ಡಿಗೆ ಸಡಿಲವಾಗಿ ಸಿಕ್ಕಿಸಿದ್ದಳು. ಬಾವಿಗೆ ಇಳಿಬಿಟ್ಟಳು. ತಂಬಿಗೆ ನೀರು ಮುಟ್ಟಿದಾಗ ಕಡ್ಡಿ ಕಳಚಿತು, ಆಯಿ ಹಗ್ಗ ಎಳೆದಳು, ತಂಬಿಗೆ ಮಗುಚಿತು.

"ಅರಿವಿಗಿ ಹತ್ತಿದ ಜೀವ ಅದಾವಲಾ, ಅವನ್ನ ಅವುಗಳ ನೀರಿಗೇ ಬಿಡಬೇಕವ್ವ," ಅಂದಳು. "ಮ್ಯಾಲಿಂದ ಸುರುವಿದ್ರ ಪೆಟ್ಟ ಆಗ್ತೈತಿ. ಬ್ಯಾರೆ ಬಾವ್ಯಾಗ ಬಿಟ್ರ ಬದುಕೂದಿಲ್ಲ."

ನನಗೆ ಅದು ಚೆಂದ ಕಂಡಿತು. ಹುಕ್ಕೇರಿಯ ನಮ್ಮ ಬಾಡಿಗೆ ಮನೆಗೂ ಹಿಂದೆ ಒಂದು ಬಾವಿ ಇತ್ತು. ಆಯಿ ಬಂದಾಗ ನಾನು ಹಾಗೇ ಸೋಸಿ ಕೊಡುತ್ತಿದ್ದೆ, ಆಯಿ ಕುಡಿಯುತ್ತಿದ್ದಳು. ಗಡ್ಡೆಗೆಣಸು ಹಾಕದೆ ಅಡುಗೆ ಮಾಡಿದರೆ ಊಟಕ್ಕೂ ಕೂಡುತ್ತಿದ್ದಳು. ಲಿಂಗಪೂಜೆಯ ನಮ್ಮ ಜಗಲಿಯ ಮುಂದೆ ಕೂತು ತನ್ನ ಜಪಮಣಿ ತಿರುವುತ್ತಿದ್ದಳು. ಆ ದಿನಗಳು ಇಷ್ಟು ಒಳ್ಳೆಯವೆಂದು ಆಗ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಇವರ ಬರವಣಿಗೆ ಶುರುವಾಗಿತ್ತು. ಬೆಳಗಾವಿಯ ಒಂದು ಪತ್ರಿಕೆಗೆ ವಾರಕ್ಕೊಂದು ಲೇಖನ. ಬರೆದು ಲಕೋಟೆಗೆ ಹಾಕಿ ಇಟ್ಟು ಇವರು ಸಾಲೆಗೆ ಹೋಗುವರು, ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಬೆಳಗಾವಿ ಗಾಡಿಯ ಡ್ರೈವರನ ಕೈಗೆ ಕೊಟ್ಟು ಬರುವೆ. ಅಲ್ಲಿ ಪತ್ರಿಕೆಯವರು ಬಂದು ಒಯ್ಯುವರು. "ಅಕ್ಕಾರ, ಈ ಸಲ ಯಾರ್ನ ಬೈದಾರ್ರಿ ಸರ್?" ಎಂದು ಒಬ್ಬ ಡ್ರೈವರ ಪ್ರತಿ ಸಲ ಕೇಳುವನು. ಹೆಸರು ಬೆಳೆಯಿತು. ಸಂಕೇಶ್ವರದಲ್ಲಿ ಪುಸ್ತಕ ಅಚ್ಚಾಯಿತು, ಭಾಷಣಕ್ಕೆ ಕರೆಯುವವರು ಹೆಚ್ಚಾದರು.

ಒಂದು ವಾರ ಇವರು ನೀರು ಸೋಸುವ ನೇಮದ ಬಗ್ಗೆ ಬರೆದರು. ಚಿಕ್ಕಂದಿನಲ್ಲಿ ಕಂಡದ್ದು: ಬಿಸಿಲಲ್ಲಿ ಒಬ್ಬ ಆಳು ನೀರಿಗಾಗಿ ಹಿತ್ತಿಲಲ್ಲಿ ನಿಂತಿದ್ದ. ಮನೆಯ ಯಜಮಾನಿ ಅರಿವೆಗೆ ಹತ್ತಿದ ಜೀವಗಳನ್ನು ಬಾವಿಗೆ ಇಳಿಸುವತನಕ ಅವನು ಕಾದ. ಕಣ್ಣಿಗೆ ಕಾಣದ ಜೀವಕ್ಕೆ ಇರುವ ಕರುಣೆ ಎದುರಿಗೆ ನಿಂತವನಿಗೆ ಯಾಕಿಲ್ಲ ಎಂದು ಕೇಳಿದ್ದರು. ಯಜಮಾನಿ ಯಾರೆಂದು ಬರೆದಿರಲಿಲ್ಲ. ಮೂಡಲಗಿಯಲ್ಲಿ ಯಾರಿಗೂ ಅದನ್ನು ಹೇಳುವ ಅವಶ್ಯವೂ ಇರಲಿಲ್ಲ. ಊರ ಜೈನ ಬಸ್ತಿಯಲ್ಲಿ ಯಾರೋ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. ಆಯಿ ಪೂಜೆ ಮುಗಿಸಿಕೊಂಡು ಮನೆಗೆ ಬಂದಳಂತೆ, ಅಷ್ಟೇ.

ಮುಂದಿನ ಸಲ ಹುಕ್ಕೇರಿಗೆ ಬಂದಾಗ ಅವಳ ಚೀಲದಲ್ಲಿ ಮುಚ್ಚಳದ ಒಂದು ಗಿಂಡಿ ಇತ್ತು. ನಾನು ನೀರು ತಂದಿಟ್ಟೆ. ಆಯಿ ಗಿಂಡಿ ತೆಗೆದು ತನ್ನ ನೀರನ್ನೇ ಕುಡಿದಳು.

"ಸೋಸೀನ್ರಿ ಆಯಿ," ಅಂದೆ.

"ಸೋಸೀದಿ ಖರೆ," ಅಂದಳು, ಮಗನ ಕಡೆ ನೋಡದೆ. "ನಿಮ್ಮ ಮನ್ಯಾಗ ಕುಡದ್ರ ಅದೂ ಪೇಪರಿನ್ಯಾಗ ಬರ್ತೈತಿ."

ಇವರು ನಗಲು ನೋಡಿದರು, ನಗು ಬರಲಿಲ್ಲ. ಅವತ್ತಿನಿಂದ ಆಯಿ ಬಂದಾಗಲೆಲ್ಲ ತನ್ನ ನೀರು ತಂದಳು. ಜಗಳವಿಲ್ಲ, ಸಿಟ್ಟಿಲ್ಲ. ಮಗನಿಗೆ ಶೇಂಗಾ ಹೋಳಿಗೆ ತರುವಳು, ನನ್ನ ತಲೆ ಬಾಚುವಳು. ಗಿಂಡಿ ಹೋಗಿ ಪ್ಲಾಸ್ಟಿಕ್ ಬಾಟಲಿ ಬಂತು. ನೀರು ಮಾತ್ರ ಮೂಡಲಗಿಯದೇ. ನಾವು ಅಲ್ಲಿಗೆ ಹೋದರೆ ಇವರು ಅವಳ ಬಾವಿಯ ನೀರನ್ನು ಎರಡೆರಡು ತಂಬಿಗೆ ಕುಡಿಯುತ್ತಿದ್ದರು, ಆಯಿ ನೋಡುತ್ತ ನಿಲ್ಲುತ್ತಿದ್ದಳು.

ಕೆಲವು ವರ್ಷದ ಮೇಲೆ, ಮೂಡಲಗಿಯಲ್ಲಿ ನಾವಿಬ್ಬರೇ ಜೋಳ ಹಸನ ಮಾಡುತ್ತ ಕೂತಾಗ, ಆಯಿ ತಾನಾಗಿ ಆ ಮಾತು ತೆಗೆದಳು. "ಆ ಆಳಿಗಿ ನಾ ಮೊದಲ ನೀರ ಕೊಟ್ಟಿದ್ನವ್ವ. ಒಂದ ತಂಬಿಗಿ ಗಟಗಟ ಕುಡದ. ಎರಡನೇದಕ್ಕ ನಿಂತಿದ್ದ. ಇವ ಆಟಾ ಆಡಿ ಬಂದಾವ, ಅಷ್ಟs ನೋಡಿದ."

ಹುಕ್ಕೇರಿಗೆ ಬಂದು ಇವರಿಗೆ ಹೇಳಿದೆ. ನನಗೆ ಹಾಗೆ ನೆನಪಿಲ್ಲ ಅಂದರು. ಪುಸ್ತಕ ತೆರೆದರು, ಪುಟ ತಿರುವಲಿಲ್ಲ. ಅದನ್ನು ಮುಚ್ಚಿಟ್ಟು ತಮ್ಮಷ್ಟಕ್ಕೇ ಅಂದರು: "ಅವನ ಮೀಸಿ ತೊಯ್ದಿತ್ತು."

ನಿಂತವನ ಮೀಸೆ ತೊಯ್ದದ್ದು ಅಷ್ಟು ವರ್ಷ ಅವರ ಕಣ್ಣಲ್ಲೇ ಇತ್ತು. ಹಾಗೆಂದರೆ ಏನೆಂದು ಅವರು ಯೋಚಿಸಿರಲಿಲ್ಲ.

ಆಮೇಲೆ ಇವರು ಬಿಟ್ಟುಬಂದ ಧರ್ಮದ ಪುಸ್ತಕಗಳನ್ನು ತರಿಸಿ ಓದತೊಡಗಿದರು. ಪ್ರಾಕೃತ ಕಲಿತರು. ಕೊರಳಿನ ಲಿಂಗ ಕೊರಳಲ್ಲೇ ಇತ್ತು, ಬೆಳಗಿನ ಪೂಜೆ ತಪ್ಪಲಿಲ್ಲ. ಲೇಖನಗಳಲ್ಲಿ ಮಾತ್ರ ಎರಡೂ ಕಡೆಯವು ಬರತೊಡಗಿದವು. ಅಹಿಂಸೆಯ ಬಗ್ಗೆ, ನೀರಿನ ನೇಮದ ಬಗ್ಗೆ ಕೂಡ, ಗೌರವದಿಂದ ಬರೆದರು. ಆಗ ಎರಡೂ ಕಡೆಯವರು ಸಿಟ್ಟಾದರು. ಹೊಳ್ಳಿ ಹೊಂಟಾರು ಎಂದು ಲಿಂಗಾಯತರು ಅಂದರೆ, ಪೂರ್ತಿ ಬರಲೊಲ್ಲರು ಎಂದು ಜೈನರು. ಮೊಬೈಲ್ ಬಂದ ಮೇಲೆ ಬೈಗುಳ ನೇರ ಕಿವಿಗೇ ಬಂತು. "ನೀವ ಖರೇ ಯಾರ್ರಿ ಸರ್? ಒಂದs ಮಾತಿನ್ಯಾಗ ಹೇಳ್ರಿ" ಎಂದು ಒಬ್ಬ ಫೋನಿನಲ್ಲಿ ಗದರಿದ. "ಸದ್ಯಕ್ಕ ರಿಟಾಯರ್ಡ್ ಮಾಸ್ತರ್ ಅದೀನ್ರಿ," ಅಂದರು ಇವರು.

ನೀರಿನ ಆ ಹೊಸ ಲೇಖನವನ್ನು ನಾನೇ ಆಯಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. "ಚಲೋ ಬರದಾನ," ಅಂದಳು. "ಆದ್ರ ಪೇಪರಿನ್ಯಾಗ ಬೈದು ಪೇಪರಿನ್ಯಾಗ ಹೊಗಳಿದ್ರ ಆತೇನು? ನಾ ಏನ್ ಪೇಪರಿನ್ಯಾಗ ಇರ್ತೇನೇನು?"

ಹೋಗಿ ತಪ್ಪಾತು ಅಂತ ಒಂದು ಮಾತು ಬಾಯಿಂದ ಹೇಳಿ ಬರ್ರಿ ಎಂದು ಎಷ್ಟೋ ಸಲ ಅಂದೆ. ಹೋಗುತ್ತಿದ್ದರು. ಕಬ್ಬಿನ ಮಾತು, ಮೊಣಕಾಲಿನ ಮಾತು, ಗುಳಿಗೆಯ ಮಾತು ಎಲ್ಲ ಆಡುತ್ತಿದ್ದರು. ಆ ಒಂದು ಮಾತು ನಾಲಿಗೆಗೆ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಹೊಳ್ಳಿ ಬರುವಾಗ, "ಇವತ್ತ ಹೇಳಬೇಕಂತ ಮಾಡಿದ್ದೆ," ಅನ್ನುತ್ತಿದ್ದರು.

ನಿವೃತ್ತಿಯ ಮೇಲೆ ಗೋಕಾಕಕ್ಕೆ ಬಂದೆವು. ಇಲ್ಲಿ ಬಾವಿ ಇಲ್ಲ, ನಳ. ಒಂದು ಬೆಳಿಗ್ಗೆ ನೋಡಿದರೆ ಇವರು ನಳದ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೊಡಕ್ಕೆ ಅರಿವೆ ಹಾಸಿ ನೀರು ಸೋಸುತ್ತಿದ್ದರು. ಅರಿವೆ ತೊಳೆದ ನೀರನ್ನು ತಂಬಿಗೆಯಲ್ಲಿ ಹಿಡಿದು ಸುಮ್ಮನೆ ನಿಂತರು. ಎಲ್ಲಿ ಬಿಡುವುದು? ಕಡೆಗೆ, ನಳಕ್ಕೆ ನೀರು ಬರುವುದು ಘಟಪ್ರಭೆಯಿಂದ, ಅಲ್ಲಿಗೇ ಹೋಗಬೇಕು ಎಂದು ಚಪ್ಪಲಿ ಮೆಟ್ಟಿದರು. ಪೇಟೆಯ ಆ ಕೊಂಡಿ ತಂಬಿಗೆ ಬಂದದ್ದು ಆಗಲೇ. ದಿನಾ ಬೆಳಿಗ್ಗೆ ಹೊಳೆಯ ದಂಡೆಗೆ ಹೋಗಿ, ಬಗ್ಗಿ, ಅದನ್ನು ನೀರಿಗೆ ಮುಟ್ಟಿಸಿ ಮಗುಚಿ ಬರುವರು.

ಓಣಿಯವರು ನಗದೆ ಇರುತ್ತಾರೆಯೇ? "ಸರ್, ಹೊಳಿಗಿ ನೀರ ಕಡಿಮಿ ಬಿದ್ದಾವೇನ್ರಿ?" ಎಂದು ಕಿರಾಣಿ ಅಂಗಡಿಯವನು ಕೇಳುವನು. ಬಾಜೂ ಮನೆಯ ಕಾಕಾ ಅವನಿಗಿಂತ ಮುಂದೆ: "ಯಾಕ ಅಷ್ಟ ದೂರ ನಡೀತೀರಿ ಮಾಸ್ತರ? ಮಳಿಗಾಲದಾಗ ಹೊಳೀನ ನಿಮ್ಮ ಮನಿಗಿ ಬರ್ತೈತಿ, ಅವಾಗ ಕೊಟ್ಟ ಬಿಡ್ರಿ." ಇವರೂ ನಗುತ್ತಿದ್ದರು.

ಆಯಿ ಬರುವ ದಿನ ಮಾತ್ರ ತಂಬಿಗೆಯನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಿದ್ದರು. "ತೋರ್ಸಿದ್ರ ನಾಟಕ ಅಂದುಕೋತಾಳ," ಅನ್ನುವರು. ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಆಯಿ ಬಾಟಲಿಯ ನೀರು ಕುಡಿಯುವಳು, ಇವರು ಪೇಪರು ಓದುತ್ತ ಕೂಡುವರು. ಒಬ್ಬರಿಗೊಬ್ಬರು ಅಷ್ಟು ಹತ್ತಿರ ಕೂತಿರುತ್ತಿದ್ದರು.

ಎದೆನೋವು ಬಂದು ಆಸ್ಪತ್ರೆ ಮುಟ್ಟುವುದರೊಳಗೆ ಇವರು ಹೋದರು. ಘೋಡಗೇರಿಯಲ್ಲಿ ನಮ್ಮ ತವರಿನ ಹೊಲದಲ್ಲಿ, ನಮ್ಮ ಲಿಂಗಾಯತ ಪದ್ಧತಿಯಂತೆ, ಕೂಡಿಸಿ ಮಣ್ಣು ಮಾಡಿದೆವು. ಹೂಳಬಾರದು, ಜೈನರಂತೆ ಸುಡಬೇಕೆಂದು ಮೂಡಲಗಿಯ ಒಬ್ಬರು ಅಂದಾಗ ಆಯಿ, "ಅವ ಬುದ್ಧಿ ತಿಳದs ಲಿಂಗ ಕಟಗೊಂಡಾನ. ಸುಮ್ನಿರ್ರಿ" ಅಂದಳು. ಎಲ್ಲರಂತೆ ತಾನೂ ಒಂದು ಹಿಡಿ ಮಣ್ಣು ಹಾಕಿದಳು.

ಅವರು ಹೋದ ಮೇಲೂ ನಳ ಬಂದ ಹೊತ್ತಿಗೆ ನನ್ನ ಕೈ ಅರಿವೆ ಹುಡುಕುತ್ತಿತ್ತು. ಸೋಸಿ, ಅರಿವೆ ತೊಳೆದ ನೀರನ್ನು ಹೊಳೆಗೆ ಬಿಟ್ಟು ಬರುತ್ತಿದ್ದೆ. ನನಗೆ ಅದು ನೇಮವಲ್ಲ. ಅವರು ಮಾಡುತ್ತಿದ್ದ ಕೆಲಸಗಳಲ್ಲಿ ನನ್ನಿಂದ ಆಗುವಂಥದು ಅದೊಂದೇ ಇತ್ತು.

ಒಂದು ತಿಂಗಳಾದ ಮೇಲೆ ಆಯಿ ಮೂಡಲಗಿಯ ನೆರೆಯವರ ಗಾಡಿಯಲ್ಲಿ ಬಂದಳು. ರೊಟ್ಟಿ ಕಟ್ಟಿಕೊಂಡು ಬಂದಿದ್ದಳು, ಚೀಲದಲ್ಲಿ ಬಾಟಲಿಯೂ ಇತ್ತು. ಕೈ ತೊಳೆಯಲು ಅಡುಗೆಮನೆಗೆ ಬಂದವಳು ಕಿಟಕಿಯ ಮುಂದೆ ನಿಂತಳು. ಕಪಾಟಿನಲ್ಲಿಡಲು ನನಗೆ ನೆನಪಾಗಿರಲಿಲ್ಲ. ಆಯಿ ತಂಬಿಗೆಯ ಬುಡದ ಕೊಂಡಿಯನ್ನು ಬೆರಳಿಂದ ಮುಟ್ಟಿ ನೋಡಿದಳು.

"ಇದ ಯಾರದು?"

"ಅವರದ್ರಿ."

"ನಿಮಗ ಬಾವಿ ಎಲ್ಲೈತಿ?"

"ಬಾವಿ ಇಲ್ರಿ ಆಯಿ. ನಳಕ್ಕ ಹೊಳಿ ನೀರ ಬರ್ತಾವಂತ ದಿನಾ ಹೊಳಿಗಿ ಒಯ್ದ ಬಿಟ್ಟ ಬರ್ತಿದ್ರು. ನಿಮಗ ಹೇಳಬ್ಯಾಡ ಅಂದಿದ್ರು."

ಆಯಿ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು. ಹಲ್ಲಿಲ್ಲದ ಬಾಯಿ ತೆರೆದು, ಗೋಡೆ ಹಿಡಿದುಕೊಂಡು ನಕ್ಕಳು. "ಅಯ್ಯ ಹುಚ್ಚಪ್ಪ! ನಳದ ನೀರಿಗಿ ಔಷಧ ಹಾಕಿ ಬಿಡ್ತಾರಲ್ಲೊ. ಅದರಾಗ ಯಾ ಜೀವ ಉಳದಿರ್ತಾವು? ಇಷ್ಟ ಓದ್ಯಾನ, ಅಷ್ಟೂ ತಿಳೀಲಿಲ್ಲ ನನ ಮಗಗ."

ನನಗೂ ನಗು ಬಂತು. ನಕ್ಕು ನಕ್ಕು, ಯಾವಾಗ ಅಳು ಆಯಿತೋ ಇಬ್ಬರಿಗೂ ತಿಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಆಯಿ ಕಟ್ಟೆಯ ಮೇಲೆ ಕೂತಳು.

"ಇವತ್ತ ಸೋಸೀಯೇನು?"

"ಸೋಸೀನ್ರಿ."

"ಕೊಡು."

ಕೊಡದಿಂದ ಬೇರೆ ತಂಬಿಗೆಗೆ ತುಂಬಿ ಕೊಟ್ಟೆ, ಸ್ವಲ್ಪ ನೀರು ಅವಳ ಸೀರೆಯ ಮೇಲೆ ಚೆಲ್ಲಿತು. ಆಯಿ ಎತ್ತಿ ಕುಡಿದಳು, ನಡುವೆ ಒಮ್ಮೆ ಉಸಿರು ತೆಗೆದುಕೊಂಡು ಪೂರ್ತಿ ಕುಡಿದಳು. ಖಾಲಿ ತಂಬಿಗೆ ನನ್ನ ಕೈಗೆ ಕೊಟ್ಟು ಕೇಳಿದಳು:

"ಅರಿವಿ ತೊಳದ ನೀರ?"

ಕಿಟಕಿಯ ಕಡೆ ಕೈ ಮಾಡಿದೆ. ಅವತ್ತಿನದು ಆ ಕೊಂಡಿ ತಂಬಿಗೆಯಲ್ಲೇ ಇತ್ತು, ಇನ್ನೂ ಒಯ್ದಿರಲಿಲ್ಲ.

"ಏನೂ ಇರೂದಿಲ್ಲ ಅದರಾಗ," ಅನ್ನುತ್ತಲೇ ಆಯಿ ಮೊಣಕಾಲಿಗೆ ಕೈಕೊಟ್ಟು ಎದ್ದಳು. "ನಡಿ, ಬಿಟ್ಟ ಬರೂಣು."