ರಾಮಕ್ಕನ ಮಂಚದ ಹಸಿರು ಬಳೆ

ರಾಜಗೋಪಾಲನಗರದಲ್ಲಿ ಲೇತ್ ಮಿಷನ್ನಿನ ಶೆಡ್ಡಿಗೆ ಗೋಡೆ ಅಂಟಿಸಿಕೊಂಡು ಒಂದು ವೃದ್ಧಾಶ್ರಮವಿದೆ. ಅಲ್ಲಿನ ಆಯಾ ಹೊಳೆವ್ವ, ಯಾದಗಿರಿ ಕಡೆಯವಳು. ಗಂಡನ ಜೊತೆ ಕಟ್ಟಡ ಕೆಲಸಕ್ಕೆ ಬಂದು ಎಂಟು ವರ್ಷ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಟ್ಟಿಗೆ ಹೊತ್ತಳು, ಆಮೇಲೆ ಇಲ್ಲಿ ಮನುಷ್ಯರನ್ನು ಎತ್ತತೊಡಗಿದಳು. ಎರಡಕ್ಕೂ ಬೇಕಾದ್ದು ಸೊಂಟವೇ ಎನ್ನುತ್ತಿದ್ದಳು.

ಅಲ್ಲಿದ್ದ ಇಪ್ಪತ್ತೆರಡು ಜನರಲ್ಲಿ ಹಾಸಿಗೆ ಹಿಡಿದ ಆರು ಮಂದಿ ಅವಳ ಪಾಲಿನವರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಅವರ ಮೈಯಲ್ಲಿ ಹುಣ್ಣೇಳುತ್ತದೆ. ಹೊಳೆವ್ವನಿಗೆ ಓದು ಬರಹ ಬಾರದು. ಅದಕ್ಕೇ ಒಂದೊಂದು ಮಂಚದ ತಲೆದೆಸೆಯ ಸರಳಿಗೂ ದಾರದಲ್ಲಿ ಒಂದು ಬಳೆ ಕಟ್ಟಿದ್ದಳು. ಎಡಕ್ಕೆ ಮಲಗಿಸಿದರೆ ಬಳೆ ಎಡಕ್ಕೆ, ಬಲಕ್ಕಾದರೆ ಬಲಕ್ಕೆ. ಹಸಿರು ಬಳೆ ರಾಮಕ್ಕನದು. ಪೀಣ್ಯದ ಹಳೇ ಊರಿನ ಮುದುಕಿ, ಹಿಂದೆ ಮುಂದೆ ಯಾರೂ ಇಲ್ಲ.

"ಏನೇ ಒಳೆವ್ವ, ನನ್ನೇನು ರಾಗಿಮುದ್ದೆ ಅಂದ್ಕಂಡಿದ್ದೀಯಾ? ಇಂಗೆ ಉಳ್ಳಿಸ್ತೀಯಲ್ಲ!"

"ಮುದ್ದಿ ಆಗಿದ್ರ ಇಷ್ಟು ಬೈತಿದ್ದಿಲ್ಲ ಬಿಡಬೇ."

ಮಗ್ಗುಲು ಬದಲಿಸಿದ್ದಕ್ಕೆ ಹಾಳೆಯಲ್ಲಿ ಗುರುತು ಹಾಕುವುದು ಮಾಲೀಕ ಮುರಳಿಯ ಕೆಲಸ. ಬೆಳಿಗ್ಗೆ ಕಾಫಿ ಕುಡಿಯುತ್ತ, ಇವತ್ತಿನದರ ಜೊತೆಗೆ ನಾಳೆಯದನ್ನೂ ಹಾಕಿಬಿಡುತ್ತಿದ್ದ. ಒಂದು ಬುಧವಾರ ತಪಾಸಣೆಗೆ ಬಂದ ಅಧಿಕಾರಿಗೆ ಗುರುವಾರ ರಾತ್ರಿಯ ಗುರುತುಗಳು ಸಿಕ್ಕವು. ರಾಮಕ್ಕನನ್ನು ಹೊರಳಿಸಿ ನೋಡಿದರೆ ಸೊಂಟದ ಕೆಳಗೆ ಬಾಟಲಿ ಮುಚ್ಚಳದಷ್ಟು ಹುಣ್ಣು. ಹೊಳೆವ್ವ ಮನೆಗೆ ಹೋದ ಮೇಲೆ ರಾತ್ರಿ ಅವರನ್ನು ಮುಟ್ಟುವವರೇ ಇರಲಿಲ್ಲ. ನಲವತ್ತು ದಿನದಲ್ಲಿ ಸರಿಪಡಿಸಿ, ಇಲ್ಲವೇ ಮುಚ್ಚಿ ಎಂದು ನೋಟಿಸು ಬಂತು.

ರಾಮಕ್ಕನನ್ನು ಇನ್ನೆಲ್ಲಿಗೋ ಸಾಗಿಸಿದರೆ ಆ ಮೈ ತಡೆಯುವುದಿಲ್ಲವೆಂದು ಹೊಳೆವ್ವನಿಗೆ ಗೊತ್ತಿತ್ತು.

ಮುರಳಿ ನಿವೃತ್ತ ಹೆಡ್ ನರ್ಸ್ ಮಹಾನಂದಾರ ಕಾಲು ಹಿಡಿದು ಕರೆತಂದ. ಅವರು ಬಳೆಗಳನ್ನು ನೋಡಿ ನಗಲಿಲ್ಲ. "ಯಾವ ಕಡೆ ಅಂತ ಇದು ಹೇಳುತ್ತೆ. ಎಷ್ಟೊತ್ತಿಗೆ ಅಂತ ಹೇಳಲ್ವಲ್ಲ ಹೊಳೆವ್ವ?" ಎಂದು, ಅಕ್ಷರದ ಬದಲು ಗಡಿಯಾರದ ಚಿತ್ರಗಳಿರುವ ಹಾಳೆ ಬರೆದುಕೊಟ್ಟರು. "ತಿರುಗಿಸಿದ್ರೆ ಗೆರೆ ಎಳಿ. ಇಲ್ದಿದ್ರೆ ಖಾಲಿ ಬಿಡು. ಸುಳ್ಳು ಗೆರೆ ಮಾತ್ರ ಬೇಡ." ರಾತ್ರಿಗೂ ಒಬ್ಬ ಆಯಾ ಬಂದಳು. ತಿಂಗಳೊಳಗೆ ರಾಮಕ್ಕನ ಹುಣ್ಣು ಒಣಗುತ್ತ ಬಂತು.

ಮರುತಪಾಸಣೆಯ ಹಿಂದಿನ ದಿನ ಮಧ್ಯಾಹ್ನ, ಆಶ್ರಮದಲ್ಲಿ ಓಡಾಡಿಕೊಂಡಿದ್ದ ನೀಲಪ್ಪಜ್ಜ ಬಚ್ಚಲಲ್ಲಿ ಜಾರಿಬಿದ್ದ. ಅವನನ್ನು ಹೊಳೆವ್ವನೇ ಆಸ್ಪತ್ರೆಗೆ ಒಯ್ಯಬೇಕಾಯಿತು. ಹಾಳೆಯಲ್ಲಿ ಎರಡು ಗಂಟೆಯದೂ ನಾಲ್ಕು ಗಂಟೆಯದೂ ಖಾಲಿ.

"ಎಳೆದುಬಿಡಮ್ಮ ಎರಡು ಗೆರೆ," ಎಂದ ಮುರಳಿ. "ಇಪ್ಪತ್ತೆರಡು ಜನ ಬೀದಿಗೆ ಬೀಳ್ತಾರೆ ಕಣೇ!"

"ನಾ ಎಳದ್ರ ರಾಮಕ್ಕನ ಬೆನ್ನು ನಂಬತೈತೇನ್ರಿ ಸರ?"

ಮರುದಿನ ಅಧಿಕಾರಿಯ ಬೆರಳು ಆ ಖಾಲಿ ಜಾಗದಲ್ಲೇ ನಿಂತಿತು. "ಆಗ ಎಷ್ಟು ಜನ ಆಯಾ ಇದ್ರಿ?"

"ನಾ ಒಬ್ಬಾಕೀನ ರಿ."

ಅವರು ಹಳೆಯ ಹಾಳೆಗಳನ್ನೆಲ್ಲ ಮಗುಚಿ ನೋಡಿದರು. "ಈ ಸಲ ಬರೆದಿರೋದು ನಿಜ. ಆಶ್ರಮ ನಡೀಲಿ. ಆದ್ರೆ ಹಾಸಿಗೆ ಹಿಡಿದೋರನ್ನ ನೋಡಿಕೊಳ್ಳೋಷ್ಟು ಜನ ನಿಮ್ಮಲ್ಲಿಲ್ಲ, ಇದೇ ಹಾಳೆ ಹೇಳ್ತಿದೆ. ಆ ಆರು ಜನ ಆನೇಕಲ್ ಕಡೆಯ ದೊಡ್ಡ ಕೇಂದ್ರಕ್ಕೆ ಹೋಗ್ಲಿ."

ಮುರಳಿ ಉಸಿರು ಬಿಟ್ಟ. ಮಹಾನಂದಾ ಹೊಳೆವ್ವನ ಹೆಗಲ ಮೇಲೆ ಕೈಯಿಟ್ಟರು. "ನೀನು ಮಾಡಿದ್ದು ಸರಿ ಕಣೇ."

"ಸರಿ ಮಾಡಿದ್ದಕ್ಕ ಆಕೀ ಹೊಂಟ್ಲಲ್ರಿ ಯಕ್ಕಾ."

ಶನಿವಾರ ವ್ಯಾನು ಬಂತು. ಹತ್ತು ಗಂಟೆಗೆ ಹೊಳೆವ್ವ ರಾಮಕ್ಕನನ್ನು ಎಡಮಗ್ಗುಲಾಗಿ ಸ್ಟ್ರೆಚರಿನ ಮೇಲೆ ಮಲಗಿಸಿ, ಹಸಿರು ಬಳೆಯನ್ನು ಎಡಗಡೆ ಸರಳಿಗೆ ಕಟ್ಟಿದಳು.

"ನೀನೂ ಬತ್ತೀಯೇನೇ?"

"ಇಲ್ಲಬೇ."

"ಅಂಗಾದ್ರೆ ಅಲ್ಲಿ ಯಾರನ್ನ ಬಯ್ಯಲಿ?"

ಹೊಳೆವ್ವ ಅವಳ ಹೊದಿಕೆ ಸರಿಮಾಡಿದಳು. ವ್ಯಾನಿನ ಹುಡುಗನಿಗೆ ಬಳೆ ತೋರಿಸಿ, "ಹನ್ನೆರಡಕ್ಕ ಬಲಕ್ಕ ಹೊಳ್ಳಿಸಪಾ, ಮರೀಬ್ಯಾಡ," ಎಂದಳು. "ಆಯ್ತಕ್ಕ," ಎಂದ ಅವನು, ಫೋನಿನಿಂದ ಕಣ್ಣೆತ್ತದೆ.

ವ್ಯಾನು ತಿರುವು ದಾಟಿತು. ಎಲೆಕ್ಟ್ರಾನಿಕ್ ಸಿಟಿ ದಾಟಿ ಊರಿನ ಈ ತುದಿಯಿಂದ ಆ ತುದಿಗೆ ಹೋಗುವ ದಾರಿಯನ್ನು ಅವಳು ಬಲ್ಲಳು. ಹನ್ನೆರಡಾದರೂ ಅವರಿನ್ನೂ ದಾರಿಯಲ್ಲೇ ಇರುತ್ತಾರೆ.