ದೋಸೆ ಹುಯ್ಯುವ ಕೈಗೆ ಸಿಕ್ಕ ಟ್ರೌಟ್

ಶನಿವಾರ ಬೆಳಗ್ಗೆ ಎಂದಿನಂತೆ ದೋಸೆ ಹುಯ್ದು, ಫ್ಲಾಸ್ಕಿಗೆ ಕಾಫಿ ತುಂಬಿಸಿ, ಅಮೆರಿಕದ ಸಮಾಮಿಶ್ ಊರಿನ ನಮ್ಮ ಮನೆಯಿಂದ ಯಜಮಾನರ ಜೊತೆ ನದಿಗೆ ಹೊರಟೆ. ನನಗಿದು ಮೊದಲ ಫ್ಲೈ ಫಿಶಿಂಗ್. "ಹಿಡಿದು ವಾಪಸ್ ಬಿಡೋದು ಕಣೆ, ಪಾಪ ಬರಲ್ಲ" ಎಂದು ಸಸ್ಯಾಹಾರಿಯಾದ ನನ್ನನ್ನು ಒಪ್ಪಿಸಿದ್ದರು. "ನಿನ್ನ ಕೈಲಿ ಆಗುತ್ತೋ ಇಲ್ವೋ" ಎಂದೂ ಸೇರಿಸಿದ್ದರಿಂದ, ಒಂದಾದರೂ ಮೀನು ಹಿಡಿದು ತೋರಿಸುವ ಹಟ ನನಗೆ.

ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ದಾರ ಬೀಸಿದರೆ, ಮೀನಿಗೆ ಮೋಸಮಾಡಲು ಪುಕ್ಕದಿಂದ ಮಾಡಿದ ಹುಸಿ ನೊಣ ಕಟ್ಟಿದ ಗಾಳ ಒಮ್ಮೆ ಹಿಂದಿನ ಕೊಂಬೆಗೆ, ಒಮ್ಮೆ ನನ್ನ ಜಡೆಗೇ ಸಿಕ್ಕಿಕೊಳ್ಳುತ್ತಿತ್ತು.

"ರಿಸ್ಟ್ ತಿರುಗಿಸ್ಬೇಡ್ವೇ, ದೋಸೆ ಹುಯ್ತಾ ಇದೀಯಾ?" ಎಂದು ಹತ್ತು ಸಲ ಗದರಿದರು. ಇಪ್ಪತ್ತೆರಡು ವರ್ಷ ಕಾವಲಿಯ ಮೇಲೆ ತಿರುಗಿದ ಕೈ ಒಂದೇ ಬೆಳಗಿನಲ್ಲಿ ನೆಟ್ಟಗಾಗುತ್ತದೆಯೇ? ಸಾಕಾಗಿಹೋಯಿತು.

ಮಧ್ಯಾಹ್ನ ದಾರ ತಟ್ಟನೆ ಬಿಗಿಯಾಯಿತು. ಮೈತುಂಬ ಚುಕ್ಕೆಯ ಟ್ರೌಟ್ ನೀರಿನಿಂದ ನೆಗೆಯಿತು. ಗಾಳ ಚುಚ್ಚಿದ ಅದರ ಬಾಯಿ ಕಂಡು ದಾರ ಸಡಿಲಿಸಿಬಿಟ್ಟೆ, ಮೀನು ತಪ್ಪಿಸಿಕೊಂಡಿತು. ಮನೆ ತಲುಪುವವರೆಗೂ ಕಾರಿನಲ್ಲಿ ಯಜಮಾನರದು "ಸಿಕ್ಕ ಮೀನನ್ನ ಬಿಟ್ಬಿಟ್ಯಲ್ಲೇ" ಎಂಬ ಒಂದೇ ರಾಗ.

ಸಂಜೆ ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಸಾವಿತ್ರಮ್ಮನವರಲ್ಲಿ ಎಲ್ಲ ಹೇಳಿಕೊಂಡೆ. ಅವರು ಬಟ್ಟಲು ಎತ್ತಿಕೊಂಡು ಚಪ್ಪಲಿ ಮೆಟ್ಟುತ್ತ, "ಹೇಗಿದ್ರೂ ಬಿಡೋದೇ ಅಲ್ವೇನ್ರೀ? ನೀವು ಸ್ವಲ್ಪ ಬೇಗ ಬಿಟ್ರಿ, ಅಷ್ಟೇ" ಅಂದರು.